ಬಾಖನ ದಿಬ್ಬಣ

ಲಗ್ನದ ಬ್ಯಾಂಡಿನ ಸದ್ದು ಕೇಳಿದೊಡನೆ ಕೈಲಿದ್ದ ಕೆಲಸ ಬಿಟ್ಟು ಕಿಟಕಿಗೆ ಬರುವವರದು ಒಂದು ಜಾತಿ, ಎದ್ದು ಹೋಗಿ ಕಿಟಕಿ ಮುಚ್ಚುವವರದು ಇನ್ನೊಂದು. ನಾನು ಮೊದಲನೇ ಜಾತಿಯವನು. ರಾಂಜಣಗಾಂವ ನನಗೆ ಒಗ್ಗಿದ್ದು ಅದಕ್ಕೇ ಇರಬೇಕು. ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು ಸುಮಾರು 50 ಕಿಲೋಮೀಟರ್ ಬಂದರೆ ಈ ಊರು. ಒಂದು ಕಡೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿ, ಇನ್ನೊಂದು ಕಡೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಸಾಲು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮೊದಲು ಸಾಕ್ಷಾತ್ ಶಿವನೇ ಇಲ್ಲಿ ಮಗನನ್ನು ಪೂಜಿಸಿದನೆಂದು ಸ್ಥಳಪುರಾಣ. ದೊಡ್ಡವರೇ ಹೀಗೆ ಅಪ್ಪಣೆ ಕೇಳಿ ಹೊರಟ ಊರಲ್ಲಿ ಮದುವೆಗಳಿಗೆ ಬರವೇ? ತುಳಸಿ ಲಗ್ನ ಮುಗಿಯಿತೋ, ಹೆದ್ದಾರಿ ಬದಿಯ ಮಂಗಲ ಕಾರ್ಯಾಲಯಗಳ ಮುಂದೆ ವರಾತ, ಅಂದರೆ ಮದುವೆಯ ದಿಬ್ಬಣ, ಶುರು. ಬ್ಯಾಂಡಿನವರಿಗೆ ಕೆಂಪು ಕೋಟು, ಹೆಗಲ ಮೇಲೆ ಬಂಗಾರದ ಬಣ್ಣದ ಜರಿ, ತಲೆಗೆ ಪೇಟ, ಕಾಲಿಗೆ ಮಾತ್ರ ಹವಾಯಿ ಚಪ್ಪಲಿ. ಕೈಗಾಡಿಯ ಮೇಲೆ ಜನರೇಟರು, ಅದರ ಮೇಲೆ ಧ್ವನಿವರ್ಧಕದ ಭೋಂಗಾ, ಅದರ ಹಿಂದೆ ಟ್ರಂಪೆಟ್ಟು, ಕ್ಲಾರಿನೆಟ್ಟು, ಯುಫೋನಿಯಂ. ಲಾರಿಗಳ ಸಾಲು ಅರ್ಧ ತಾಸು ನಿಂತರೂ ಯಾರಿಗೂ ಬೇಸರವಿಲ್ಲ. ಚಾಲಕರೇ ಇಳಿದು ಬಂದು ಎರಡು ಹೆಜ್ಜೆ ಹಾಕುವುದನ್ನು ಕಂಡಿದ್ದೇನೆ.

ನಾನು ಹೇಳಹೊರಟದ್ದು ಇನ್ನೊಂದು ಬ್ಯಾಂಡಿನ ಕತೆ. ರಜೆಯ ದಿನ ನಾನೂ ಆಳಂದ ಕಡೆಯ ಒಬ್ಬ ಗೆಳೆಯರೂ ಕೂಡಿ ಪುಣೆಗೆ ಹೋಗುವ ರೂಢಿ. ಕಾರು ಅವರದು, ಹಾಡು ನನ್ನದು ಎಂದು ಒಪ್ಪಂದ. ಶಿಕ್ರಾಪುರ, ಕೋರೆಗಾಂವ ಭೀಮಾ ದಾಟಿ ವಾಘೋಲಿಗೆ ಬರುವಷ್ಟರಲ್ಲಿ ಗಾಡಿಗಳ ಸಂತೆಯಲ್ಲಿ ಸಿಕ್ಕಿಕೊಳ್ಳುವುದು ಖಾತ್ರಿ. ಅಂಥ ಒಂದು ಹೊತ್ತಿನಲ್ಲಿ ಗಾರ್ಡನ್ ಗುಡ್ವಿನ್ ಅವರ ಬಿಗ್ ಫ್ಯಾಟ್ ಬ್ಯಾಂಡ್ ಎಂಬ ಜಾಜ್ ತಂಡ ನುಡಿಸಿದ ಬಾಖನ ರಚನೆಯೊಂದನ್ನು ಹಾಕಿದೆ. ಗೆಳೆಯರು ಸ್ವಲ್ಪ ಹೊತ್ತು ಕೇಳಿದರು.

“ಏನ್ರಿ ಸರ ಇದು, ಲಗ್ನದ ಬ್ಯಾಂಡ್ ಹಚ್ಚೀರಿ? ಯಾರ್ದು ವರಾತ?”

“ಬಾಖ್ ಅಂತ, ಜರ್ಮನಿಯವರು.”

“ವರಾತದಾಗ ಇಷ್ಟು ಬುದ್ಧಿ ಖರ್ಚು ಮಾಡ್ತಾರೇನ್ರಿ!”

ಅವರ ಮಾತಿನಲ್ಲಿ ಎರಡೂ ವಿಷಯ ಬಂದುಬಿಟ್ಟಿತು: ಇದು ದಿಬ್ಬಣದ ಸಂಗೀತ ಹೌದು, ಇದರೊಳಗೆ ಬುದ್ಧಿ ಇರುವುದೂ ಹೌದು. ಯೊಹಾನ್ ಸೆಬಾಸ್ಟಿಯನ್ ಬಾಖ್ ತೀರಿಕೊಂಡದ್ದು 1750ರಲ್ಲಿ. ಅಡಾಲ್ಫ್ ಸ್ಯಾಕ್ಸ್ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಸ್ಯಾಕ್ಸೊಫೋನ್ ಎಂಬುದನ್ನು ಕನಸಿನಲ್ಲೂ ಕಾಣದವನ ರಚನೆಯನ್ನು ಐದು ಸ್ಯಾಕ್ಸೊಫೋನುಗಳು ಹೊತ್ತು ನಡೆಯುತ್ತವೆ. ಎಲ್ಲಿಯೂ ಎಡವುವುದಿಲ್ಲ. ಆ ಗುಟ್ಟನ್ನು ಮೆಲುಕು ಹಾಕುವುದೇ ನನಗೆ ಸುಖ.

ನಾವು ಆ ದಿನ ಕೇಳಿದ್ದು ಡಿ ಮೈನರ್ ಶ್ರುತಿಯ ಎರಡು ಎಳೆಯ ಇನ್ವೆನ್ಷನ್. ಮೂಲದಲ್ಲಿ ಅದು ಮಕ್ಕಳ ಪಾಠ. ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಕಲಿಸಲೆಂದು 1720ರಲ್ಲಿ ತೆರೆದ ಪುಸ್ತಕದಲ್ಲಿ ಮೊದಲು ಬರೆದು, 1723ರಲ್ಲಿ ಬಾಖ್ ಶುದ್ಧಪ್ರತಿ ಮಾಡಿದ ರಚನೆಗಳಲ್ಲಿ ಒಂದು. ಪಿಯಾನೊ ಕಲಿಯುವ ಮಕ್ಕಳ ಬೆರಳಿಗೆ ಇವತ್ತಿಗೂ ಇದು ತಪ್ಪಿದ್ದಲ್ಲ. ನಮ್ಮ ಕಿವಿಯಿಂದ ಕೇಳಿದರೆ ಇದರ ಸ್ವರಗಳೆಲ್ಲ ಕೀರವಾಣಿಯವು: ಸ ರಿ ಗ ಮ ಪ ಧ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮುಂದಿನ ನಿಷಾದಕ್ಕೆ ಕಾಲಿಡುತ್ತದೆ ಎಂದು ಕಾಯುವಾಗ ಒಮ್ಮೆಲೇ ಮಂದ್ರದ ನಿಷಾದಕ್ಕೆ ಧುಮುಕಿ, ಮರುಕ್ಷಣ ಧೈವತಕ್ಕೆ ಹಾರಿ, ಪ ಮ ಗ ರಿ ಎಂದು ಇಳಿದುಬರುತ್ತದೆ. ಇಷ್ಟೇ ಅದರ ಬಂಡವಾಳ. ಬಲಗೈ ಇದನ್ನು ನುಡಿಸಿ ಮುಗಿಸುತ್ತಲೇ ಎಡಗೈ ಒಂದು ಸ್ಥಾಯಿ ಕೆಳಗಿನಿಂದ ಅದನ್ನೇ ಎತ್ತಿಕೊಳ್ಳುತ್ತದೆ. ಬಲಗೈ ಸುಮ್ಮನೆ ಕೂರುವುದಿಲ್ಲ, ತನ್ನದೇ ಬೇರೆ ಮಾತು ಹೂಡುತ್ತದೆ. ಕಛೇರಿಯಲ್ಲಿ ಗಾಯಕರು ಆಲಾಪನೆ ಮಾಡುವಾಗ ಪಿಟೀಲಿನವರು ಅರ್ಧ ಹೆಜ್ಜೆ ಹಿಂದೆ ನೆರಳಿನಂತೆ ಬರುತ್ತಾರಲ್ಲ, ಆ ನೆರಳು ಧೈರ್ಯ ಮಾಡಿ ಎದುರುತ್ತರ ಕೊಟ್ಟರೆ ಹೇಗೋ ಹಾಗೆ.

ಗುಡ್ವಿನ್ ಅವರ ಬ್ಯಾಂಡು ಈ ಎರಡು ಕೈಗಳ ಕೆಲಸವನ್ನು ಬೇರೆ ಬೇರೆ ವಾದ್ಯಗಳಿಗೆ ಹಂಚುತ್ತದೆ. ಎಡ್ಡಿ ಡೇನಿಯಲ್ಸ್ ಅವರ ಕ್ಲಾರಿನೆಟ್ಟು ಮುಂದೆ, ಹಿಂದೆ ಹಿತ್ತಾಳೆಯ ಸೈನ್ಯ. ಪಿಯಾನೊದಲ್ಲಿ ಒಬ್ಬನೇ ಮನುಷ್ಯ ಇಬ್ಬರಂತೆ ಮಾತಾಡುತ್ತಾನೆ. ಇಲ್ಲಿ ಎರಡು ಬೀದಿಗಳಿಂದ ಎರಡು ದಿಬ್ಬಣಗಳು ಬಂದು ಚೌಕದಲ್ಲಿ ಎದುರಾದ ಹಾಗೆ. ಸದ್ದು ದೊಡ್ಡದಾದರೂ ಎಳೆ ತಪ್ಪುವುದಿಲ್ಲ. ಮಂದ್ರ ನಿಷಾದದ ಆ ಧುಮುಕು ಬಂದಾಗಲೆಲ್ಲ ನನ್ನ ಕೈ ತಾನಾಗಿಯೇ ಮೊಣಕಾಲು ಬಡಿಯುತ್ತದೆ.

ಜಾಜ್‌ನವರಿಗೆ ಬಾಖನ ಹುಚ್ಚು ಹಳೆಯದು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೆಫಾನ್ ಗ್ರಾಪೆಲ್ಲಿ, ಎಡ್ಡಿ ಸೌತ್ ಎಂಬ ಇಬ್ಬರು ಪಿಟೀಲುಗಾರರು ಗಿಟಾರಿನ ಜಾಂಗೊ ರೈನ್‌ಹಾರ್ಟ್ ಜೊತೆ ಕೂತು ಬಾಖನ ಜೋಡಿ ಪಿಟೀಲಿನ ಕಾನ್ಸರ್ಟೊದ ಮೊದಲ ಭಾಗವನ್ನು ನುಡಿಸಿ ರೆಕಾರ್ಡು ಮಾಡಿದರು. ಮರುವರ್ಷವೇ ಆಲೆಕ್ ಟೆಂಪಲ್‌ಟನ್ ಎಂಬ ವೇಲ್ಸ್ ನಾಡಿನ ಅಂಧ ಪಿಯಾನೊ ವಾದಕರು ‘ಬಾಖ್ ಗೋಸ್ ಟು ಟೌನ್’ ಬರೆದರು. ಬಾಖನ ಯಾವ ಕೃತಿಯನ್ನೂ ಎತ್ತಿಕೊಳ್ಳದೆ, ಅವನ ಫ್ಯೂಗ್ ಕಟ್ಟುವ ಕಸುಬನ್ನಷ್ಟೇ ಎತ್ತಿಕೊಂಡ ರಚನೆ ಅದು. ಬೆನ್ನಿ ಗುಡ್‌ಮನ್ ತಮ್ಮ ಬ್ಯಾಂಡಿನಲ್ಲಿ ಅದನ್ನು ನುಡಿಸಿದರು. ಫ್ಯೂಗ್ ಎಂದರೆ ಒಂದು ಎಳೆ ಷಡ್ಜದಿಂದ ಹೊರಟು ತನ್ನ ಮಾತು ಮುಗಿಸುತ್ತದೆ. ಎರಡನೆಯದು ಅದೇ ಮಾತನ್ನು ಪಂಚಮದಿಂದ ಎತ್ತುತ್ತದೆ. ಮೂರನೆಯದು ಮತ್ತೆ ಷಡ್ಜಕ್ಕೆ. ಎಲ್ಲರೂ ಸೇರಿದ ಮೇಲೆ ಯಾರೂ ಯಾರ ಹಿಮ್ಮೇಳವೂ ಅಲ್ಲ, ಎಲ್ಲರೂ ಭಾಗವತರೇ. ಸ್ಯಾಕ್ಸೊಫೋನು, ಟ್ರಂಪೆಟ್ಟು, ಟ್ರಾಂಬೋನುಗಳು ಮೂರು ಪಂಗಡವಾಗಿ ಕೂರುವ ಬಿಗ್ ಬ್ಯಾಂಡಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದು?

ಮಡಿವಂತರು ಸುಮ್ಮನಿರಲಿಲ್ಲ. ಅದೇ 1938ರಲ್ಲಿ ನ್ಯೂಜರ್ಸಿಯ ಬಾಖ್ ಸೊಸೈಟಿ ಅಮೆರಿಕದ ಸಂಪರ್ಕ ಆಯೋಗಕ್ಕೆ ದೂರು ಕೊಟ್ಟಿತು: ರೇಡಿಯೊದಲ್ಲಿ ಬಾಖನನ್ನು ಸ್ವಿಂಗ್ ಮಾಡಿ ಕುಣಿಸುತ್ತಿದ್ದಾರೆ, ಇದನ್ನು ತಡೆಯಬೇಕು ಎಂದು. ಬಾಖನ ಬದುಕನ್ನು ಸ್ವಲ್ಪ ಬಗ್ಗಿ ನೋಡಿದ್ದರೆ ಅವರು ಲಕೋಟೆಗೆ ಗೋಂದು ಹಚ್ಚುವ ಮೊದಲು ಯೋಚಿಸುತ್ತಿದ್ದರೇನೋ.

ಏಕೆಂದರೆ ಬಾಖ್ ಸ್ವತಃ ಒಬ್ಬ ಬ್ಯಾಂಡ್ ಮಾಸ್ತರು. ಲೈಪ್‌ಜಿಗ್ ಊರಿನ ಸಂಗೀತದ ಹೊಣೆ ಹೊತ್ತಿದ್ದ ಅವನು 1730ರ ಆಗಸ್ಟಿನಲ್ಲಿ ನಗರಸಭೆಗೆ ಒಂದು ಮನವಿ ಬರೆದ. ವಾದ್ಯ ನುಡಿಸಲು ಕನಿಷ್ಠ 18 ಜನ ಬೇಕು, ನನ್ನ ಕೈಲಿರುವುದು 8 ಜನ, ಅದರಲ್ಲೂ ಒಬ್ಬ ಇನ್ನೂ ಕಲಿಯುವ ಹುಡುಗ ಎಂಬುದು ಅದರ ಸಾರ. ಇಂದಿನ ಬಿಗ್ ಬ್ಯಾಂಡಿನ ಲೆಕ್ಕ ಹಾಕಿ: 5 ಸ್ಯಾಕ್ಸೊಫೋನು, 4 ಟ್ರಂಪೆಟ್ಟು, 4 ಟ್ರಾಂಬೋನು, ಪಿಯಾನೊ, ಗಿಟಾರು, ಬಾಸು, ಡ್ರಮ್ಮು – ಒಟ್ಟು 17. ಬಾಖ್ ಬೇಡಿದ್ದಕ್ಕೆ ಒಂದೇ ತಲೆ ಕಡಿಮೆ.

ಅವನ ಕೈಕೆಳಗಿದ್ದವರಾದರೂ ಯಾರು? ನಗರದ ಸಂಬಳದ ವಾದ್ಯಗಾರರು. ಮದುವೆಮನೆಗಳಲ್ಲಿ ಊದಿ ಸಿಗುವ ಕಾಸೇ ಅವರಿಗೆ ದೊಡ್ಡ ಆಧಾರ. ಅವರಲ್ಲಿ ಹಿರಿಯ ಗಾಟ್‌ಫ್ರೀಡ್ ರೈಖೆ. ಬಾಖ್ ಬರೆದ ಎತ್ತರದ ಟ್ರಂಪೆಟ್ ಸ್ವರಗಳನ್ನೆಲ್ಲ ಊದಿ ಗೆದ್ದವನು. 1734ರ ಅಕ್ಟೋಬರ್ 5ರ ರಾತ್ರಿ ಊರಿಗೆ ಬಂದಿದ್ದ ದೊರೆಯ ಮುಂದೆ ಬಯಲಲ್ಲಿ ಬಾಖನ ಸಂಗೀತ, ಸುತ್ತ ದೀವಟಿಗೆಗಳ ಮೆರವಣಿಗೆ. ಊದುವ ಶ್ರಮವೂ ದೀವಟಿಗೆಯ ಹೊಗೆಯೂ ಸೇರಿ ರೈಖೆಯನ್ನು ಹಣ್ಣು ಮಾಡಿದವು. ಮರುದಿನ ಮನೆಗೆ ಹೋಗುವ ದಾರಿಯಲ್ಲೇ ಅವನು ಕುಸಿದು ಪ್ರಾಣ ಬಿಟ್ಟ. ವೈಶಾಖದ ಬಿಸಿಲಿನಲ್ಲಿ ಕೆಂಪು ಕೋಟು ತೊಟ್ಟು ಹೆದ್ದಾರಿಯ ಧೂಳಲ್ಲಿ ಮೂರು ತಾಸು ಊದುವ ನಮ್ಮೂರ ಟ್ರಂಪೆಟ್‌ನವರನ್ನು ಕಂಡಾಗಲೆಲ್ಲ ನನಗೆ ರೈಖೆ ನೆನಪಾಗುತ್ತಾನೆ.

ದುಡ್ಡಿನ ವಿಷಯಕ್ಕೂ ಬಾಖ್ ಸಂಕೋಚದವನಲ್ಲ. ಬಾಲ್ಯದ ಗೆಳೆಯ ಎರ್ಡ್‌ಮನ್‌ಗೆ 1730ರಲ್ಲಿ ಬರೆದ ಕಾಗದದಲ್ಲಿ ಅವನ ಅಳಲೇ ಬೇರೆ: ಊರಲ್ಲಿ ಶವಯಾತ್ರೆಗಳು ಹೆಚ್ಚಿದ್ದರೆ ನನ್ನ ವರಮಾನವೂ ಹೆಚ್ಚು, ಹೋದ ವರ್ಷ ಹವೆ ಚೆನ್ನಾಗಿತ್ತು, ಹಾಗಾಗಿ 100 ಥಾಲರ್‌ಗೂ ಹೆಚ್ಚು ನಷ್ಟ! ಸಂಗೀತವನ್ನೇ ನಂಬಿ ದೊಡ್ಡ ಸಂಸಾರ ಸಾಕಿದವನ ನೇರ ಲೆಕ್ಕ ಅದು. ಚರ್ಚಿನ ಕೆಲಸ ಮುಗಿಸಿ ವಾರಕ್ಕೊಮ್ಮೆ ಅವನು ತನ್ನ ಹುಡುಗರ ತಂಡ ಕಟ್ಟಿಕೊಂಡು ಜಿಮ್ಮರ್‌ಮನ್‌ನ ಕಾಫಿಮನೆಯಲ್ಲಿ ನುಡಿಸುತ್ತಿದ್ದ. ಕಾಫಿಯ ಚಟದ ಮೇಲೇ ಒಂದು ಹಾಡುಗಬ್ಬ ಕಟ್ಟಿದ. ಕಪ್ಪುಬಸಿಗಳ ಸದ್ದಿನ ನಡುವೆ ನುಡಿದು ಬಂದ ಸಂಗೀತಕ್ಕೆ ಡ್ರಮ್ಮು ತಾಗಿದರೆ ಮೈಲಿಗೆಯೇ?

ಬೇರೆಯವರ ಕೃತಿಗೆ ಬೇರೆ ಬಟ್ಟೆ ತೊಡಿಸುವುದರಲ್ಲೂ ಅವನು ಹಿಂದೆ ಬಿದ್ದವನಲ್ಲ. ವಿವಾಲ್ಡಿ ನಾಲ್ಕು ಪಿಟೀಲಿಗೆ ಬರೆದ ಕಾನ್ಸರ್ಟೊವನ್ನು ಎತ್ತಿ ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ಕೂರಿಸಿದ. ತನ್ನದನ್ನೂ ಬಿಡಲಿಲ್ಲ. ಒಂಟಿ ಪಿಟೀಲಿಗೆಂದು ಬರೆದ ಮೂರನೇ ಪಾರ್ಟಿಟಾದ ಮೊದಲ ಭಾಗವನ್ನು 1731ರಲ್ಲಿ ನಗರಸಭೆಯ ಸಮಾರಂಭಕ್ಕೆ ಆರ್ಗನ್ನು, ಟ್ರಂಪೆಟ್ಟು, ನಗಾರಿಗಳ ಸಮೇತ ಮೆರೆಸಿದ. ಒಬ್ಬನ ಮನದ ಮಾತು ಇಡೀ ಊರಿನ ಹಬ್ಬವಾಯಿತು. ಬಿಗ್ ಬ್ಯಾಂಡಿನವರು ಮಾಡುವುದೂ ಇದನ್ನೇ. ಒಂದು ದಿನ ಬಾಖನ ಈ ಎರಡು ರೂಪಗಳನ್ನೂ ಬೆನ್ನಿಗೆ ಬೆನ್ನು ಕೇಳಿನೋಡಿ. ಪಿಟೀಲಿನ ತಂತಿಗಳಲ್ಲಿ ಮಿಂಚಿದ್ದು ಆರ್ಗನ್ನಿನಲ್ಲಿ ಹೊಳೆಯಾಗಿ ಹರಿಯುತ್ತಿರುತ್ತದೆ, ನಡುನಡುವೆ ಟ್ರಂಪೆಟ್ಟುಗಳು ಗುಂಪಾಗಿ ಕೂಗು ಹಾಕುತ್ತವೆ.

ಇನ್ನು ಕಸುಬಿನ ಒಳಗುಟ್ಟು. ಬರೋಕ್ ಎಂದು ಕರೆಯುವ ಬಾಖನ ಕಾಲದಲ್ಲಿ ಹಾರ್ಪ್ಸಿಕಾರ್ಡ್ ನುಡಿಸುವವನಿಗೆ ಕೊಡುತ್ತಿದ್ದ ಹಾಳೆಯಲ್ಲಿ ಕೆಳಗಿನ ಮಂದ್ರದ ಎಳೆಯೊಂದೇ ಇರುತ್ತಿತ್ತು. ಸ್ವರಗಳ ಜೊತೆಗೆ 6, 7 ಎಂದು ಅಂಕಿಗಳು. ಆ ಅಂಕಿಯ ಸುಳಿವು ಹಿಡಿದು ಮೇಲಿನದೆಲ್ಲವನ್ನೂ ಅವನೇ ಸ್ಥಳದಲ್ಲಿ ತುಂಬಬೇಕು. ಜಾಜ್‌ನ ಪಿಯಾನೊದವನ ಮುಂದಿರುವ ಹಾಳೆಯಲ್ಲೂ ಅಷ್ಟೇ, ಅಂಕಿಯ ಬದಲು ಅಕ್ಷರದ ಸಂಕೇತಗಳು. ಮದುವೆ ಅಡುಗೆಯ ಭಟ್ಟರಿಗೆ ಸಾಮಾನಿನ ಚೀಟಿ ಕೊಟ್ಟರೆ ಸಾಕಲ್ಲವೇ? ಸಾರು ಹೇಗೆ ಮಾಡಬೇಕೆಂದು ಬರೆದುಕೊಡುವ ಧೈರ್ಯ ಯಾರಿಗಿದೆ? ಎಲ್ಲವನ್ನೂ ಬರೆದಿಡದೆ ನುಡಿಸುವವನ ಕೈಗೆ ಜಾಗ ಬಿಟ್ಟ ಸಂಗೀತ ಮುನ್ನೂರು ವರ್ಷ ಬಿಟ್ಟು ಇನ್ನೊಬ್ಬನ ಕೈ ಸೇರಿದರೂ ಹೊಂದಿಕೊಳ್ಳುತ್ತದೆ.

ನಡೆಯಲ್ಲೂ ನಂಟಿದೆ. ಸಮವಾಗಿ ಬರೆದ ಸ್ವರಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ತೂಗಿ ನುಡಿಸುವುದು ಆಗಿನ ಫ್ರೆಂಚರ ರೂಢಿ. ನಾವು ಬರೆಯುವುದೇ ಬೇರೆ, ನುಡಿಸುವುದೇ ಬೇರೆ ಎಂದು ಫ್ರಾಂಸ್ವಾ ಕೂಪ್ರಾಂ ತನ್ನ ವಾದನದ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಜಾಜ್‌ನ ಸ್ವಿಂಗ್ ಕೂಡ ಹಾಳೆಯ ಮೇಲೆ ಸಮ, ಕಿವಿಗೆ ತೂಗು. ಚತುರಶ್ರದಲ್ಲಿ ಬರೆದದ್ದಕ್ಕೆ ತಿಶ್ರದ ಗಂಧ ತಾಗಿದ ಹಾಗೆ. ಬಾಸಿನ ಮಾತಂತೂ ಕೇಳಲೇಬೇಡಿ. ಬಾಖನ ಮೂರನೇ ಆರ್ಕೆಸ್ಟ್ರಾ ಸೂಟ್‌ನಲ್ಲಿ ‘ಏರ್’ ಎಂಬ ಭಾಗವಿದೆ. ಮೇಲೆ ಪಿಟೀಲು ಒಂದೇ ಸ್ವರದ ಮೇಲೆ ಮೈಮರೆತು ನಿಂತಿದ್ದಾಗ ಕೆಳಗೆ ಬಾಸು ಮೇಲಿನ ಸ್ಥಾಯಿಗೊಂದು ಹೆಜ್ಜೆ, ಕೆಳಗಿನ ಸ್ಥಾಯಿಗೊಂದು ಹೆಜ್ಜೆ ಇಡುತ್ತ, ಎಲ್ಲೂ ನಿಲ್ಲದೆ ಸಂಜೆಯ ವಾಯುವಿಹಾರಕ್ಕೆ ಹೊರಟವರಂತೆ ನಡೆಯುತ್ತದೆ. ಜಾಕ್ ಲೂಸಿಯೆ ಎಂಬ ಫ್ರೆಂಚ್ ಪಿಯಾನೊ ವಾದಕರು 1959ರಿಂದ ಬಾಖನನ್ನು ಪಿಯಾನೊ, ಬಾಸು, ಡ್ರಮ್ಮಿನಲ್ಲಿ ನುಡಿಸಿ ಜಗತ್ತು ಸುತ್ತಿದರು. ಅವರು ಆ ನಡಿಗೆಯ ಜೊತೆ ಹೆಜ್ಜೆ ಹಾಕಿದರು ಅಷ್ಟೇ, ನಡಿಗೆ ಅಲ್ಲೇ ಇತ್ತು.

ನಮಗೆ ಇದೆಲ್ಲ ಎಷ್ಟು ದೂರದ್ದು? ಅಷ್ಟೇನೂ ಅಲ್ಲ. ಗೋವೆಯ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿಯೂ ಪಿಟೀಲೂ ಪಾಠವಾಗಿದ್ದವು. ಅಲ್ಲಿ ಕಲಿತವರು ಮುಂಬಯಿಗೆ ಬಂದು ತಾಜ್ ಹೋಟೆಲಿನ ಜಾಜ್ ಬ್ಯಾಂಡುಗಳಲ್ಲಿ ಕೂತರು, ಹಗಲು ಹೊತ್ತು ಸಿನಿಮಾ ಸ್ಟುಡಿಯೊಗಳಲ್ಲಿ ನುಡಿಸಿದರು. ಮಾಜೊರ್ಡಾ ಊರಿನ ಆಂಥೊನಿ ಗೊನ್ಸಾಲ್ವಿಸ್ ಅಂಥವರಲ್ಲಿ ಒಬ್ಬರು; ಶಿಷ್ಯ, ಸಂಗೀತ ನಿರ್ದೇಶಕ ಪ್ಯಾರೇಲಾಲ್ ಗುರುವಿನ ಹೆಸರನ್ನು 1977ರ ಸಿನಿಮಾ ಹಾಡೊಂದರಲ್ಲಿ ದೇಶಕ್ಕೆಲ್ಲ ಬಾಯಿಪಾಠ ಮಾಡಿಸಿದರು. ಹಿಂದಿ ಹಾಡಿನ ರಾಗದ ಹಿಂದೆ ಇನ್ನೊಂದು ಎಳೆ ಅಡ್ಡಾಡುವುದನ್ನು ಕಲಿಸಿದವರು ಈ ಜನ. ಆ ಹಾಡುಗಳೇ ಲಗ್ನದ ಬ್ಯಾಂಡಿಗೆ ಬಂದವು.

ಜೊತೆಗೆ ಆ ಇನ್ನೊಂದು ಎಳೆಯೂ ಬಂದದ್ದು ನಿಜವೇ ಎಂದು ನಾನು ಕಾರ್ಯಾಲಯದ ಮುಂದೆ ನಿಂತು ಪರೀಕ್ಷಿಸಿದ್ದುಂಟು. ಸಾಮಾನ್ಯವಾಗಿ ಎಲ್ಲರೂ ಒಂದೇ ರಾಗವನ್ನು ಒಟ್ಟಿಗೆ ಊದುತ್ತಾರೆ. ಆದರೆ ಒಂದು ವರಾತದಲ್ಲಿ ಯುಫೋನಿಯಂ ಹೊತ್ತ ಒಬ್ಬ ಅಜ್ಜ ಇದ್ದರು. ಬಿಳಿ ಮೀಸೆ, ಕೆನ್ನೆ ಉಬ್ಬಿಸಿದರೆ ಕಣ್ಣೇ ಮುಚ್ಚಿಹೋಗುತ್ತಿತ್ತು. ಟ್ರಂಪೆಟ್ಟುಗಳು ಪಲ್ಲವಿಯ ಕೊನೆಗೆ ಉದ್ದ ಸ್ವರ ಹಿಡಿದು ನಿಂತಾಗ ಈ ಅಜ್ಜ ಸುಮ್ಮನಿರದೆ ಕೆಳಗಿನಿಂದ ನಾಲ್ಕು ಸ್ವರ ಏರಿ, ಎರಡು ಇಳಿದು, ಸರಿಯಾಗಿ ಮುಂದಿನ ಆವರ್ತದ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕುಣಿಯುವ ಹುಡುಗರು ಅದನ್ನು ಗಮನಿಸಿದವರಲ್ಲ; ಆದರೂ ಅವರ ಹೆಜ್ಜೆ ಸರಿಯಾಗಿ ಬೀಳುತ್ತಿದ್ದುದು ಅಜ್ಜನ ದೆಸೆಯಿಂದ. ಮಾಸ್ತರು ಮಾತ್ರ ಒಮ್ಮೆ ಹಿಂದಿರುಗಿ ನೋಡಿ ತಲೆದೂಗಿದರು.

ಕನ್ನಡಿಗರಾದ ನಮಗಂತೂ ಇಂಥ ಕೂಡಾವಳಿ ಮನೆಮಾತು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇಂಗ್ಲಿಷ್ ಬ್ಯಾಂಡೂ ಜೊತೆಜೊತೆಗೆ ಬಾಳಿದವು. ಇಂದಿಗೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಕಛೇರಿ ಕೇಳಲು ಜನ ಸೇರುತ್ತಾರೆ. ಜಯಚಾಮರಾಜ ಒಡೆಯರು ಒಂದು ಕೈಯಲ್ಲಿ ಕೃತಿಗಳನ್ನು ರಚಿಸುತ್ತ, ಇನ್ನೊಂದು ಕೈಯಲ್ಲಿ ರಷ್ಯದ ಮೆಟ್ನರ್‌ನ ರಚನೆಗಳನ್ನು ರೆಕಾರ್ಡು ಮಾಡಿಸಲು ಹಣ ಕೊಟ್ಟರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ಅದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು ಬಂಟ್ವಾಳ ತಾಲೂಕಿನ ಸಜಿಪದ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥರು. ಕೀಲಿ ಒತ್ತಿದರೆ ಸ್ವರ ಜಿಗಿಯುವ ವಾದ್ಯವದು, ಗಮಕಕ್ಕೆ ಒಲಿಯುವ ಜಾಯಮಾನದ್ದಲ್ಲ. ವರ್ಷಗಟ್ಟಲೆ ಹಠ ಹಿಡಿದು ಅದರಲ್ಲಿ ತ್ಯಾಗರಾಜರನ್ನು ಹಾಡಿಸಿದರು. 1980ರ ಮುಂಬಯಿಯ ಜಾಜ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ವೇದಿಕೆ ಏರಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮೆನೇಡ್ ಕಛೇರಿಗೆ ಹೋದರು. ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ಜಾಜ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿಗಾಗಿ ಇವರ ಜೊತೆ ಕೂತರು. ನಾನು ಪುತ್ತೂರು ಕಡೆಯವನು; ನಮ್ಮ ಜಾತ್ರೆ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಈಗ ಮಂಗಳವಾದ್ಯ. ಜಾತ್ರೆಯ ಬಲಿ ಉತ್ಸವದ ಹೊತ್ತಿಗೆ ದೇವರು ಅಂಗಳಕ್ಕಿಳಿದಾಗ ಊದುವವರನ್ನು ಅದು ಎಲ್ಲಿಯ ವಾದ್ಯವೆಂದು ಯಾರೂ ಕೇಳುವುದಿಲ್ಲ.

ಹಾಗೆಂದು ಬಾಖನ ಹೆಸರು ಹೇಳಿ ಊದಿದ್ದೆಲ್ಲ ನನಗೆ ರುಚಿಸುವುದಿಲ್ಲ. ಮೇಲಿನ ರಾಗ ಒಂದನ್ನು ಕಿತ್ತುಕೊಂಡು, ಕೆಳಗೆ ಡ್ರಮ್ಮು ಬಡಿದು, ನಡುವಿನ ಎಳೆಗಳನ್ನು ಗಾಳಿಗೆ ಬಿಟ್ಟವು ಎಷ್ಟೋ ಇವೆ. ಲಿಫ್ಟಿನಲ್ಲಿ, ಫೋನಿನಲ್ಲಿ ಕಾಯಿಸುವಾಗ ಅವು ಕಿವಿಗೆ ಬೀಳುತ್ತವೆ. ನನ್ನ ಪರೀಕ್ಷೆ ಸುಲಭದ್ದು: ಎರಡನೇ ಟ್ರಾಂಬೋನಿನವನಿಗೆ ಬೇಸರ ಬರುತ್ತಿದೆಯೇ? ಬರುತ್ತಿದ್ದರೆ ಅದು ಬಾಖ್ ಅಲ್ಲ. ಬಾಖನ ಪಂಕ್ತಿಯಲ್ಲಿ ಕೊನೆಯ ಎಲೆಗೂ ಹೋಳಿಗೆ ಬಡಿಸಲೇಬೇಕು. ಒಳ್ಳೆಯ ಬಿಗ್ ಬ್ಯಾಂಡಿನವರು ಇದನ್ನು ಬಲ್ಲರು, ಯುಫೋನಿಯಂ ಅಜ್ಜನೂ ಬಲ್ಲರು.

ಗೆಳೆಯರಿಗೆ ಇದನ್ನೆಲ್ಲ ವಾಘೋಲಿಯ ಸಾಲಿನಲ್ಲಿ ಕಂತು ಕಂತಾಗಿ ಹೇಳಿದ್ದೇನೆ. ಅವರಿಗೆ ಹಿಡಿಸಿದ್ದು ಶವಯಾತ್ರೆಯ ಲೆಕ್ಕ. “ಆ ಮನಿಷ್ಯಾ ನಮ್ಮ ರಾಂಜಣಗಾಂವಕ್ಕ ಬಂದಿದ್ದರ ಏನ್ ಮಾಡ್ತಿದ್ದನ್ರಿ ಸರ?” ಎಂದು ಕೇಳಿದರು. ಲಗ್ನದ ಸುಗ್ಗಿಯಲ್ಲಿ ಬಂದಿದ್ದರೆ ಜಾಜು, ಬರೋಕು ಎಂಬ ತಕರಾರಿಗೆ ಅವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಮೊದಲು ಮಾಸ್ತರ ಬಳಿ ಕರಾರಿನ ಸುಪಾರಿ ಎಷ್ಟು, ಮುಂಗಡ ಎಷ್ಟು ಎಂದು ಕೇಳುತ್ತಿದ್ದ. ಟ್ರಂಪೆಟ್‌ನವರಿಗೆ ನೆರಳು, ನೀರು ಉಂಟೋ ಎಂದು ವಿಚಾರಿಸುತ್ತಿದ್ದ. ಜನ ಸಾಲದು, ಇನ್ನೂ ಹತ್ತು ಮಂದಿ ಬೇಕು ಎಂದು ಗ್ರಾಮಪಂಚಾಯತಿಗೆ ಒಂದು ಅರ್ಜಿ ಗೀಚುತ್ತಿದ್ದ. ಆಮೇಲೆ ಯುಫೋನಿಯಂ ಅಜ್ಜನ ಪಕ್ಕದಲ್ಲಿ ಕೂತು, ನಾಳೆಯ ವರಾತಕ್ಕೆ ಕೆಳಗಿನ ಎಳೆ ಬರೆದುಕೊಡುತ್ತಿದ್ದ.